ಸನ್ನಡತೆಯ ಮೇಲೆ ಬಿಟ್ಟವನು

ನನ್ನ ತಂಗಿಯನ್ನು ಮಚ್ಚಿನಿಂದ ಕೊಚ್ಚಿ ಕೊಂದವನು ಅವಳ ಗಂಡ. ಪೊಲೀಸರ ಮುಂದೆಯೂ ಕೋರ್ಟಿನಲ್ಲೂ ಅವನು ಹೇಳಿದ್ದು ಒಂದೇ ಮಾತು: ಅವಳ ನಡತೆ ಸರಿಯಿರಲಿಲ್ಲ. ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಜೊತೆ ನಗುತ್ತಾ ನಿಂತಿದ್ದಳಂತೆ. ಅವಳು ಎಲ್ಲರ ಜೊತೆಗೂ ನಗುತ್ತಿದ್ದಳು.

ಅವನಿಗೆ ಜೀವಾವಧಿಯಾಯಿತು. ಅವಳ ಮಗುವನ್ನು ನಾನೂ ನನ್ನ ಗಂಡನೂ ಚಿಕ್ಕರಸಿನಕೆರೆಗೆ ಕರೆತಂದು ಸಾಕಿದೆವು. ಆ ಹುಡುಗಿಗೆ ಮದುವೆ ಗೊತ್ತಾದ ತಿಂಗಳೇ ಅವನು ಹೊರಗೆ ಬಂದ. ಸನ್ನಡತೆಯ ಮೇಲೆ ಬಿಡುಗಡೆ ಎಂದು ಟಿ.ವಿ.ಯಲ್ಲಿ ತೋರಿಸಿದರು. ಸಾಲಾಗಿ ನಿಂತವರ ಕೈಗೆ ಗುಲಾಬಿ ಕೊಡುತ್ತಿದ್ದರು. ಅವನು ಮೈಕೈ ತುಂಬಿಕೊಂಡಿದ್ದ. ಅವನಿದ್ದ ಕಡೆ ಹೆಂಡತಿಯೇ ಇರಲಿಲ್ಲವಲ್ಲ, ಒಳ್ಳೆಯವನಾಗಿರಲು ಏನು ಕಷ್ಟ?

ವಾರ ಕಳೆದು ನನ್ನ ಸೋದರಮಾವ ಬಂದರು. ಮಗಳಿಗೆ ಧಾರೆ ಎರೆಯಲು ಅವನಿಗೆ ಆಸೆಯಂತೆ. ಹೆತ್ತ ತಂದೆ ಬದುಕಿರುವಾಗ ಬೇರೆಯವರು ಎರೆದರೆ ಗಂಡಿನ ಕಡೆಯವರು ಆಡಿಕೊಳ್ಳುತ್ತಾರೆ ಎಂದೂ ಸೇರಿಸಿದರು.

"ಸರ್ಕಾರ್ದೋರೇ ನಡತೆ ಒಳ್ಳೇದು ಅಂತ ಬುಟ್ಟವ್ರೆ ಕಣವ್ವ. ನೀನ್ಯಾಕೆ ಇನ್ನೂ ಇಡ್ಕಂಡು ಕೂತಿದ್ದೀಯ?"

ಸತ್ತವಳಿಗೆ ಯಾರೂ ಹೇಳದ ಮಾತನ್ನು ಕೊಂದವನಿಗೆ ಹೇಳಿ ಕಳಿಸಿದ್ದರು. ಕಾಫಿ ತಂದ ಹುಡುಗಿ ಲೋಟವನ್ನು ಮಾವನ ಕೈಗಿಟ್ಟಳು.

"ತಾತ, ಆ ಕೈ ನನ್ ಕೈಮ್ಯಾಲೆ ಹಾಲು ಉಯ್ದ್ರೆ ನಾನು ಅಸೆಮಣೆಯಿಂದ ಎದ್ದೋಯ್ತೀನಿ."

"ಥೇಟ್ ನಿಮ್ಮವ್ವನ ಬಾಯೇ ಕಣಮ್ಮಿ ನಿಂದು."

"ಆಗ್ಲಿ ಬುಡಿ."

ಮದ್ದೂರಿನ ಛತ್ರದಲ್ಲಿ ನನ್ನ ಗಂಡನೇ ಧಾರೆ ಎರೆದರು. ಅವನನ್ನು ಕರೆದಿರಲಿಲ್ಲ, ಆದರೂ ಬಂದಿದ್ದ. ನಾನು ಊಟದ ಮನೆಗೆ ಹೋದಾಗ ಮೊದಲ ಪಂಕ್ತಿಯಲ್ಲೇ ಕೂತಿದ್ದ. ನಮ್ಮವರೇ ಅವನ ಅಕ್ಕಪಕ್ಕ ಕೂತು ಜೈಲಿನ ಊಟ ಹೇಗಿತ್ತು ಎಂದು ಕೇಳುತ್ತಿದ್ದರು, ಅವನು ಹೇಳಿದ್ದಕ್ಕೆಲ್ಲ ನಗುತ್ತಿದ್ದರು. ಅವನು ಪಾಯಸವನ್ನು ಇನ್ನೊಂದು ಸಲ ಹಾಕಿಸಿಕೊಂಡು ಬೆರಳು ನೆಕ್ಕಿದ.

ಬೀಗರ ಎದುರು ರಂಪ ಬೇಡವೆಂದು ಅವನು ಏಳುವವರೆಗೆ ಗೋಡೆಗೆ ಒರಗಿ ನಿಂತೆ. ಮುಂದಿನ ಪಂಕ್ತಿಗೆ ಹೆಣ್ಣು ಗಂಡು ಅದೇ ಸಾಲಿನಲ್ಲಿ ಕೂರುವವರಿದ್ದರು. ಅವನ ಎಲೆಯನ್ನು ನಾನೇ ಎತ್ತಿದೆ. ಎಲೆ ಬಿಸಾಕಿ ಬಂದು, ಟೇಬಲ್ಲಿನ ಆ ಜಾಗಕ್ಕೆ ನೀರು ಸುರಿದು ಒರೆಸಿದೆ.