ಎಡಗಡೆಯ ಕತ್ತಲೆ

ಚಿಕ್ಕಪ್ಪನ ಬಲಹುಬ್ಬಿನ ನಡುವೆ ಬೆರಳಗಲದಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ. ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯನ್ನು ವರ್ಷಗಟ್ಟಲೆ ಅಲ್ಲಿಗೇ ಒತ್ತಿ ಒತ್ತಿ ಹುಬ್ಬು ಸವೆದುಹೋಗಿತ್ತು. ಮದ್ರಾಸಿನ ಅಂಬತ್ತೂರಿನಲ್ಲಿ ಕಾರ್ಖಾನೆಗಳ ನಡುವೆ ಇದ್ದ ನಮ್ಮ ಕುಟುಂಬದ ಹೋಟೆಲಿನಲ್ಲಿ ಅವರು ಗಲ್ಲಾಪೆಟ್ಟಿಗೆಯ ಮುಂದೆ ಕೂತಿರುವಾಗ, ಹೊಸ ಗಿರಾಕಿಗಳು ಅದನ್ನು ಹಳೆಯ ಗಾಯವೆಂದು ತಿಳಿದು ಏನಾಯಿತೆಂದು ಕೇಳುವುದಿತ್ತು. "ಹೆಂಡತಿ ಲಟ್ಟಣಿಗೆ ಎಸೆದದ್ದು" ಎಂದು ಮುಖ ಗಂಟಿಕ್ಕಿಕೊಂಡೇ ಹೇಳಿ ಊಟದ ಟೋಕನ್ ಹರಿದು ಕೊಡುತ್ತಿದ್ದರು. ಚಿಕ್ಕಮ್ಮ ಲಟ್ಟಣಿಗೆ ಎಸೆಯುವುದಿರಲಿ, ಗಂಡನ ಎದುರು ಜೋರಾಗಿ ಸೀನಿದವರೂ ಅಲ್ಲ.

ಆ ಹುಬ್ಬಿನ ಕೆಳಗಿನ ಕಣ್ಣೇ ಮೊದಲು ಹೋದದ್ದು. ಅದು ಸದ್ದಿಲ್ಲದೆ ಹೋಗುತ್ತಿದ್ದ ದಿನಗಳಲ್ಲಿ ನಾವಿಬ್ಬರೂ ಕೂತು, ಕ್ಯಾಮೆರಾದ ಪೆಟ್ಟಿಗೆ, ಅಂದರೆ ಹೊಸ ಬಾಡಿ, ಕೊಳ್ಳುವುದೋ ಒಳ್ಳೆಯ ಲೆನ್ಸ್ ಕೊಳ್ಳುವುದೋ ಎಂದು ಜಗಳವಾಡುತ್ತಿದ್ದೆವು. ಆಗ ಅದು ನಮಗೆ ಬಹಳ ದೊಡ್ಡ ಪ್ರಶ್ನೆಯಾಗಿತ್ತು.

ಅವರು ನನ್ನ ಅಪ್ಪನ ತಮ್ಮ. ಉಡುಪಿ ಕಡೆಯಿಂದ ಬಂದು ಮದ್ರಾಸಿನಲ್ಲಿ ಹೋಟೆಲಿಟ್ಟ ಕುಟುಂಬ ನಮ್ಮದು. ಹಿಟ್ಟು, ಹಬೆ, ಗಲ್ಲಾ ಬಿಟ್ಟು ಬೇರೆ ಹುಚ್ಚು ಹತ್ತಿಸಿಕೊಂಡವರು ಮನೆಯಲ್ಲಿ ಅವರೊಬ್ಬರೇ. ರಜೆ ಸಿಕ್ಕಿದರೆ ಸ್ಕೂಟರ್ ಹತ್ತಿ ಎಣ್ಣೂರಿನ ಅಳಿವೆಗೆ ಹಕ್ಕಿಗಳ ಫೋಟೋ ತೆಗೆಯಲು ಹೋಗುವರು. ನಾನು ಕಾಲೇಜಿನಲ್ಲಿದ್ದಾಗ ಅಪ್ಪ ಹೋಟೆಲಿನ ಎದುರಿನ ರಸ್ತೆ ದಾಟುತ್ತಾ ಲಾರಿಗೆ ಸಿಕ್ಕಿ ತೀರಿಕೊಂಡರು. ಹದಿಮೂರನೆಯ ದಿನ ಕಳೆದ ಮೇಲೆ ಚಿಕ್ಕಪ್ಪ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಎಣ್ಣೂರಿಗೆ ಕರೆದೊಯ್ದರು. ಸಮಾಧಾನದ ಮಾತು ಅವರಿಗೆ ಬರುತ್ತಿರಲಿಲ್ಲ. ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿ, "ಅಳುವುದಾದ್ರೆ ಅಳು. ಗ್ಲಾಸಿನ ಮೇಲೆ ಮಾತ್ರ ನೀರು ಬೀಳಿಸ್ಬೇಡ ಮಾರಾಯ್ತಿ, ಬೂಷ್ಟು ಬರ್ತದೆ" ಎಂದರು. ನಾನು ಅಳಲಿಲ್ಲ. ಒಂದು ಹೆಜ್ಜಾರ್ಲೆ ಹಕ್ಕಿ ನೀರಿಗಿಳಿಯುವುದನ್ನು ತೆಗೆದೆ. ಫೋಟೋದಲ್ಲಿ ಬರೀ ಬಾಲ ಬಂತು.

ಬೂಷ್ಟಿನ ಭಯ ಅವರಿಗೆ ದೆವ್ವದ ಭಯದ ಹಾಗೆ. ಸಮುದ್ರದ ಗಾಳಿಯ ಊರಿನಲ್ಲಿ ಲೆನ್ಸಿನ ಒಳಗೆ ಬಿಳಿ ಎಳೆಗಳು ಹಬ್ಬಿದರೆ ಅದರ ಕತೆ ಮುಗಿದಂತೆ. ಹಾಗಾಗಿ ಮನೆಯ ಒಂದು ಮರದ ಬೀರುವಿನೊಳಗೆ ಸಣ್ಣ ಬಲ್ಬು ಹಾಕಿ, ಅದು ಹಗಲೂ ಇರುಳೂ ಉರಿಯುವಂತೆ ಮಾಡಿ, ಆ ಬಿಸುಪಿನಲ್ಲಿ ಲೆನ್ಸುಗಳನ್ನು ಮಲಗಿಸಿದ್ದರು. ಬೀರುವಿನ ಕೀಲಿಕೈ ಅವರ ಜನಿವಾರದಲ್ಲಿ ತೂಗುತ್ತಿತ್ತು. ಚಿಕ್ಕಮ್ಮನ ಒಡವೆಗಳು ಮಾತ್ರ ಬೀಗವಿಲ್ಲದ ಡಬ್ಬದಲ್ಲಿದ್ದವು.

ನನಗೆ ಮದ್ರಾಸಿನ ಗಿಂಡಿ ಬಡಾವಣೆಯ ಆಫೀಸೊಂದರಲ್ಲಿ ಕೆಲಸ ಸಿಕ್ಕಿ, ಮದುವೆಯಾಗಿ, ಮಗಳೂ ಹುಟ್ಟಿದ ಮೇಲೆ ಹೊಸ ಬಾಡಿಯೊಂದರ ಆಸೆ ಹತ್ತಿತು. ಹಕ್ಕಿ ಎಲ್ಲಿದ್ದರೂ ಅದರ ಕಣ್ಣನ್ನು ತಾನೇ ಹುಡುಕಿ ಹಿಡಿಯುವಂಥದ್ದು. ಅವರ ಮುಂದೆ ಬಾಯಿ ಬಿಟ್ಟದ್ದೇ ತಪ್ಪಾಯಿತು.

"ಹಿಟ್ಟು ಹುಳಿ ಬರದಿದ್ರೆ ಕಾವಲಿ ಬದಲಿಸಿ ಎಂತ ಮಾಡ್ತಿ? ದೋಸೆ ಆಗ್ತದಾ? ಬಾಡಿ ಅಂದ್ರೆ ಬಾಡಿಗೆ ಮನೆ. ನಾಳೆ ಇನ್ನೊಂದು ಬರ್ತದೆ, ಇದು ಹಳತು. ಲೆನ್ಸು ಸ್ವಂತ ಮನೆ. ಮಕ್ಕಳ ಕಾಲಕ್ಕೂ ಇರ್ತದೆ."

"ನಿಮ್ಮ ಕಾಲದ ಮಾತು ಚಿಕ್ಕಪ್ಪ."

"ಬೆಳಕಿಗೆ ಕಾಲ ಉಂಟಾ? ಸುಮ್ನೆ ಇರು."

ಹೀಗೆ ನನ್ನ ಬಾಯಿ ಮುಚ್ಚಿಸಿದವರೇ ಕೆಲವು ತಿಂಗಳ ನಂತರ ಫೋನ್ ಮಾಡಿ, ತನಗೆ ಹೊಸ ಬಾಡಿ ಬೇಕು, ಜೊತೆಗೆ ಅಂಗಡಿಗೆ ಬಾ ಎಂದರು. ನನಗೆ ನಗು ತಡೆಯಲಾಗಲಿಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಚೆನ್ನಾಗಿಯೇ ಗೇಲಿ ಮಾಡಿದೆ. ಅವರು ನಗಲಿಲ್ಲ.

"ಕಿಂಡಿಯಲ್ಲಿ ಎಡಗಡೆ ಕತ್ತಲೆ ಬರ್ತದೆ ಮಗಾ. ಮೊದ್ಲು ಲೆನ್ಸಿನದ್ದು ಅಂತ ಮಾಡಿದ್ದೆ. ಕ್ಲೀನ್ ಮಾಡಿಸಿದೆ. ಬೇರೆ ಲೆನ್ಸ್ ಹಾಕಿದೆ, ಅದ್ರಲ್ಲೂ ಉಂಟು. ಬೀರುವಿನಲ್ಲಿದ್ದದ್ದು ಅಷ್ಟೂ ಹಾಕಿ ನೋಡಿದೆ. ಹಾಗಾದ್ರೆ ಬಾಡಿಯದ್ದೇ. ಒಳಗಿನ ಕನ್ನಡಿ ಜಾರಿರ್ಬೇಕು."

"ಫೋಟೋದಲ್ಲಿ ಕತ್ತಲೆ ಇಲ್ಲವಲ್ಲ?"

"ಫೋಟೋದಲ್ಲಿ ಇಲ್ಲ. ಕಿಂಡಿಯಲ್ಲಿ ಉಂಟು."

ಮುಂದಿನ ಭಾನುವಾರ ಅವರ ಮನೆಗೆ ಹೋಗಿ ಕ್ಯಾಮೆರಾ ಎತ್ತಿ ನೋಡಿದೆ. ಕಿಟಕಿ, ಕಂಬಿ, ಆಚೆ ಮನೆಯ ನೀರಿನ ಟ್ಯಾಂಕು, ಎಲ್ಲವೂ ಸ್ವಚ್ಛ. ಹಾಗೆಂದು ಹೇಳಿದರೆ, "ನಿಂಗೆ ನೋಡ್ಲಿಕ್ಕೆ ಗೊತ್ತಿಲ್ಲ" ಎಂದು ಕಸಿದುಕೊಂಡರು. ಕಣ್ಣು ತೋರಿಸಿದಿರಾ ಎಂದು ಕೇಳಿದೆ. ಕನ್ನಡಕದ ಅಂಗಡಿಯಲ್ಲಿ ಕಡೆಯ ಸಾಲಿನ ಇರುವೆಯಂಥ ಅಕ್ಷರಗಳನ್ನೂ ಓದಿ ಬಂದಿದ್ದೇನೆ ಎಂದರು. ಅದು ನಿಜವೂ ಆಗಿತ್ತು. ನಾನು ಅಲ್ಲಿಗೆ ಬಿಟ್ಟುಬಿಟ್ಟೆ.

ಅದೇ ಹೊತ್ತಿಗೆ ಮನೆಯಲ್ಲೊಂದು ಉಪನಯನವಾಯಿತು. ಮನೆಯ ಹಿರಿಯ ಸೊಸೆ ಆರತಿ ತಟ್ಟೆ ಹಿಡಿದು ಸಾಲಿನ ತುದಿಗೆ ನಿಲ್ಲುವುದು ನಮ್ಮಲ್ಲಿ ಕ್ರಮ. ಅಂದರೆ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ, ಚಿಕ್ಕಪ್ಪನಿಗೆ ಅತ್ತಿಗೆ. ಚಿಕ್ಕಪ್ಪ ತೆಗೆದ ಗುಂಪಿನ ಫೋಟೋ ಒಂದರಲ್ಲೂ ದೊಡ್ಡಮ್ಮ ಇರಲಿಲ್ಲ. ಎಡತುದಿಯಲ್ಲಿ ಅರ್ಧ ತಟ್ಟೆ ಮತ್ತು ಬಳೆ ತೊಟ್ಟ ಒಂದು ಕೈ, ಅಷ್ಟೇ. ಹೋಟೆಲಿನ ಪಾಲಿನ ವಿಷಯದಲ್ಲಿ ಇಬ್ಬರಿಗೂ ಮೊದಲೇ ಮಾತು ಬಿಟ್ಟಿತ್ತು. ಇನ್ನು ಕೇಳಬೇಕೇ? ಮದ್ರಾಸಿನಿಂದ ಉಡುಪಿಯವರೆಗಿನ ನೆಂಟರೆಲ್ಲ ಆ ಫೋಟೋ ನೋಡಿ, ಬೇಕೆಂದೇ ಮಾಡಿದ್ದು ಎಂದು ತೀರ್ಮಾನಿಸಿದರು. ದೊಡ್ಡಮ್ಮ ನನಗೆ ಫೋನ್ ಮಾಡಿ ಅತ್ತರು. "ನಾನು ಸಾಯುವ ಮೊದ್ಲೇ ನನ್ನನ್ನು ಫೋಟೋದಿಂದ ತೆಗ್ದು ಹಾಕಿದ ನಿನ್ನ ಚಿಕ್ಕಪ್ಪ. ನಲ್ಲಾ ಇರುಕ್ಕಟ್ಟುಂ" ಎಂದರು. ಚೆನ್ನಾಗಿರಲಿ ಎಂದು ತಮಿಳಿನಲ್ಲಿ ಹೇಳಿದರೂ ಅದು ಶಾಪದ ಹಾಗೇ ಕೇಳಿಸಿತು.

ಚಿಕ್ಕಪ್ಪನನ್ನು ಕೇಳಿದಾಗ ಅವರು ತೀರಾ ಸಣ್ಣ ದನಿಯಲ್ಲಿ ಹೇಳಿದ ಮಾತು ನನಗೆ ಇನ್ನೂ ಮರೆತಿಲ್ಲ. "ಅತ್ತಿಗೆ ಅಲ್ಲಿ ನಿಂತೇ ಇರ್ಲಿಲ್ಲ. ದೇವರಾಣೆ. ಅಲ್ಲಿ ಬರೀ ಗೋಡೆ ಇತ್ತು."

ನಾನೂ ಆ ಸಾಲಿನಲ್ಲಿದ್ದೆ. ದೊಡ್ಡಮ್ಮ ನನ್ನ ಹೆಗಲಿಗೆ ತಾಗಿ ನಿಂತಿದ್ದರು. ಯಾರೋ ಸುಳ್ಳು ಹೇಳಿದರೆ ಸಿಟ್ಟು ಬರುತ್ತದೆ. ಚಿಕ್ಕಪ್ಪನ ಮುಖದಲ್ಲಿ ಸುಳ್ಳು ಇರಲಿಲ್ಲ, ಹಾಗಾಗಿ ನನಗೆ ಭಯವಾಯಿತು.

ಆ ಭಯ ಎಣ್ಣೂರಿನಲ್ಲಿ ಗಟ್ಟಿಯಾಯಿತು. ಕೆಲವು ದಿನಗಳ ಮೇಲೆ ಇಬ್ಬರೂ ಅಲ್ಲಿಗೆ ಹೋದಾಗ ವಿದ್ಯುತ್ ಸ್ಥಾವರದ ಚಿಮಣಿಗಳ ಹೊಗೆ ಮೇಲೇರದೆ ನೀರಿನ ಮೇಲೇ ಕವಿದಿತ್ತು. ಹಾರುಬೂದಿ ಬಿದ್ದು ಕೆಸರೆಲ್ಲ ಸಿಮೆಂಟಿನ ಬಣ್ಣ. ಬಣ್ಣದ ಕೊಕ್ಕರೆಗಳು ಮಾತ್ರ ಏನೂ ಆಗದವರ ಹಾಗೆ ನಿಂತಿದ್ದವು. ಚಿಕ್ಕಪ್ಪ ಎಂದಿನಂತೆ ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಕ್ಯಾಮೆರಾ ಒತ್ತಿ, ಒಡ್ಡಿನ ಮೇಲೆ ಮೆಲ್ಲಗೆ ಹೆಜ್ಜೆ ಇಡುತ್ತಿದ್ದರು. ಒಡ್ಡು ಎಡಗಡೆಯಲ್ಲಿ ಕುಸಿದಿತ್ತು. ಬಲೆ ಬಿಡಿಸುತ್ತಿದ್ದ ಮೀನುಗಾರನೊಬ್ಬ ಕೂಗುವಷ್ಟರಲ್ಲಿ ಅವರ ಎಡಗಾಲು ಗಾಳಿಯಲ್ಲಿತ್ತು. ನಾನು ಅಂಗಿ ಹಿಡಿದು ಎಳೆದೆ. ಇಬ್ಬರೂ ಕೆಸರಿಗೆ ಕುಕ್ಕರಿಸಿದೆವು. ಮೀನುಗಾರ ಬಂದು ಅವರ ಮುಖವನ್ನೇ ನೋಡಿ, "ಪೆರಿಯವರೇ, ಕಣ್ಣು ತೆರಿಯಲಯಾ?" ಎಂದು ಕೇಳಿದ. ಕಣ್ಣು ಕಾಣುವುದಿಲ್ಲವೇ ಎಂಬ ಅವನ ಪ್ರಶ್ನೆಯಲ್ಲಿ ಬೈಗುಳ ಇರಲಿಲ್ಲ. ಚಿಕ್ಕಪ್ಪ ಮೊದಲು ನೋಡಿಕೊಂಡದ್ದು ಲೆನ್ಸನ್ನು.

"ನೋಡಿದ್ಯಾ, ಕಿಂಡಿ ಕೆಟ್ಟರೆ ಹೀಗೆ. ನಾಳೆಯೇ ಬಾಡಿ ತಗೊಳ್ಳುವಾ" ಎಂದರು.

ಮೌಂಟ್ ರೋಡಿನ ಹಿಂದಿನ ಓಣಿಯಲ್ಲಿ ಅವರಿಗೆ ಪರಿಚಯದ ಅಂಗಡಿಯೊಂದಿತ್ತು. ಅಂಗಡಿಯವರು ಹೊಸ ಮಾದರಿಯ ಬಾಡಿಯೊಂದನ್ನು ಡಬ್ಬಿಯಿಂದ ತೆಗೆದು, ಲೆನ್ಸ್ ಕೂರಿಸಿ, ಎರಡೂ ಕೈಯಲ್ಲಿ ಕೊಟ್ಟರು. "ಇದ್ರಲ್ಲಿ ಕನ್ನಡಿಯೇ ಇಲ್ಲ ಸಾರ್, ಒಳಗೆ ಸಣ್ಣ ಸ್ಕ್ರೀನು. ಸುತ್ತ ಕ್ಲಿಯರಾ ಇರುಕ್ಕುಂ" ಎಂದು, ಸುತ್ತಲೂ ಸ್ಪಷ್ಟ ಕಾಣುತ್ತದೆಂದು ಕನ್ನಡ ತಮಿಳು ಬೆರೆಸಿ ಹೇಳಿದರು. ಚಿಕ್ಕಪ್ಪ ಅದನ್ನು ಬಲಗಣ್ಣಿಗೆ ಹಿಡಿದು ಅಂಗಡಿಯ ಬಾಗಿಲ ಕಡೆ ತಿರುಗಿದರು. ಬಹಳ ಹೊತ್ತು ಹಾಗೆಯೇ ನಿಂತರು. ನಂತರ ಇಳಿಸಿ, ಕಿಂಡಿಯನ್ನು ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಿಡಿದರು.

"ಇದ್ರಲ್ಲೂ ಉಂಟು."

ಅಂಗಡಿಯವರು ನೋಡಿದರು. ನಾನು ನೋಡಿದೆ. ಬಾಗಿಲು, ಎಡಗಡೆ ಹೂ ಮಾರುವ ಹೆಂಗಸು, ಬಲಗಡೆ ಟೀ ಅಂಗಡಿ. ಏನೂ ಮಬ್ಬಿಲ್ಲ. ಅಂಗಡಿಯವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಚಿಕ್ಕಪ್ಪ, ಇನ್ನೊಂದು ಕಣ್ಣಲ್ಲಿ ನೋಡಿ" ಎಂದೆ.

ಅವರು ಜೀವಮಾನದಲ್ಲಿ ಎಡಗಣ್ಣನ್ನು ಕ್ಯಾಮೆರಾಕ್ಕೆ ಹಚ್ಚಿದವರಲ್ಲ. ಮೂಗು ಅಡ್ಡ ಬಂತು. ಹೇಗೋ ಹೊಂದಿಸಿಕೊಂಡು ನೋಡಿದರು. ಎಲ್ಲ ಲೆನ್ಸುಗಳನ್ನೂ ಬದಲಿಸಿ ನೋಡಿದ್ದರು, ಬಾಡಿಯನ್ನೂ ಬದಲಿಸಿ ನೋಡಿದರು. ಕಣ್ಣು ಬದಲಿಸುವುದು ಮಾತ್ರ ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

"ಹೂವಿನವಳು ಇದ್ದಾಳೆ" ಎಂದರು. ಕ್ಯಾಮೆರಾವನ್ನು ಮೇಜಿನ ಮೇಲೆ ಜೋಪಾನವಾಗಿ ಇಟ್ಟು, "ಹೋಗುವಾ" ಎಂದರು.

ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗ್ಲಾಕೋಮ ಎಂದರು. ಕಣ್ಣಿನೊಳಗಿನ ಒತ್ತಡ ನರವನ್ನು ಅಂಚಿನಿಂದ ಸುಡುತ್ತಾ ಬಂದಿದೆ, ನೋವಿರುವುದಿಲ್ಲ, ನೇರ ನೋಟ ಕೊನೆಯವರೆಗೂ ಉಳಿಯುವುದರಿಂದ ಅಕ್ಷರ ಓದಬಹುದು. ಎರಡೂ ಕಣ್ಣು ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ. ಇವರು ಒಂದೇ ಕಣ್ಣಿನಲ್ಲಿ ನೋಡುವವರಾದ್ದರಿಂದ ಈಗಲಾದರೂ ಗೊತ್ತಾಯಿತು; ಎಡಗಣ್ಣಿನಲ್ಲೂ ಶುರುವಾಗಿದೆ. ಹನಿ ಹಾಕಿ ಉಳಿದದ್ದನ್ನು ಕಾಯಬಹುದು. "ಪೋನದು ತಿರುಂಬಿ ವರಾದು" ಎಂದರು. ಹೋದದ್ದು ಮರಳಿ ಬಾರದು. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಅವರು ಕೇಳಿದಾಗ ಚಿಕ್ಕಪ್ಪ ಇಲ್ಲವೆಂದು ತಲೆಯಾಡಿಸಿದರು.

ಆಟೋದಲ್ಲಿ ಬರುವಾಗ ಇದ್ದಕ್ಕಿದ್ದ ಹಾಗೆ ನನ್ನ ಕೈ ಹಿಡಿದರು.

"ಅಣ್ಣ ರಸ್ತೆ ದಾಟುವಾಗ ನಾನು ಗಲ್ಲಾದಲ್ಲೇ ಇದ್ದೆ. ಅಷ್ಟು ದೊಡ್ಡ ಲಾರಿ. ಹಾರ್ನ್ ಬೇರೆ. ಅವ ಆ ಕಡೆ ತಿರುಗಿ ಸಹ ನೋಡ್ಲಿಲ್ಲ. ಎಂತದೋ ಯೋಚನೆಯಲ್ಲಿದ್ದ ಅಂತ ನಾವೆಲ್ಲ ಹೇಳಿದ್ದು." ಆಟೋದ ಹೊರಗೆ ರಸ್ತೆಯ ಕಡೆ ತಿರುಗಿ ಕೇಳಿದರು. "ಅವನಿಗೆ ಕಂಡಿತ್ತಾ ಮಗಾ?"

ಅಪ್ಪ ಹೋಟೆಲಿನ ಬಾಗಿಲ ಚೌಕಟ್ಟಿಗೆ ಮತ್ತೆ ಮತ್ತೆ ಹೆಗಲು ಬಡಿದುಕೊಳ್ಳುತ್ತಿದ್ದದ್ದು, ನಾವು ಮಕ್ಕಳು ಅದಕ್ಕೆ ನಗುತ್ತಿದ್ದದ್ದು ಆಟೋ ಅಂಬತ್ತೂರಿನ ಹಾದಿಯ ಪಾಡಿ ದಾಟುವಷ್ಟರಲ್ಲಿ ನೆನಪಾಯಿತು.

ಆಮೇಲೆ ಚಿಕ್ಕಪ್ಪ ಸ್ಕೂಟರ್ ಮಾರಿದರು. ದೊಡ್ಡಮ್ಮನ ಮನೆಗೆ ತಾವೇ ಹೋಗಿ, "ಅತ್ತಿಗೆ, ನೀವು ನಿಂತದ್ದು ನಂಗೆ ಕಾಣ್ಲಿಲ್ಲ" ಎಂದು ಹೇಳಿ ಬಂದರು. ದೊಡ್ಡಮ್ಮ ಕಾಫಿ ಕೊಟ್ಟರಂತೆ, ಕುಡಿದು ಮುಗಿಸುವವರೆಗೂ ಲೋಟದ ಹತ್ತಿರವೇ ನಿಂತಿದ್ದರಂತೆ. ನಂತರ ಚಿಕ್ಕಪ್ಪ ನನ್ನನ್ನು ಮನೆಗೆ ಕರೆಸಿಕೊಂಡು, "ನಿಂಗೆ ಬಾಡಿ ಬೇಕಿತ್ತಲ್ಲ, ತಗೋ. ಲೆನ್ಸಿಗೆ ಎಲ್ಲಿಗೂ ಹೋಗ್ಬೇಡ, ಇದೆಲ್ಲ ನಿಂಗೇ" ಎಂದು ಬೀರು ತೋರಿಸಿದರು. ಖುಷಿಯಿಂದ ಕೈ ಚಾಚಿದೆ. ಅವರು ಜನಿವಾರವನ್ನು ಮುಷ್ಟಿಯಲ್ಲಿ ಬಿಗಿ ಹಿಡಿದುಕೊಂಡರು.

"ಮೊದ್ಲು ಕಣ್ಣು ತೋರಿಸಿ ಬಾ. ಆಮೇಲೆ ಕೀ."

ನನಗೇನಾಗಿದೆ ಎಂದು ವಾದಿಸಿದೆ. ಆಫೀಸು, ಮಗಳ ಶಾಲೆ ಎಂದು ಮುಂದೂಡಿದೆ. ಅವರು ಜಗ್ಗಲಿಲ್ಲ. ದಿನಾ ಬೆಳಿಗ್ಗೆ ಫೋನ್ ಮಾಡಿ, "ಹೋದ್ಯಾ?" ಎಂದು ಒಂದೇ ಮಾತು ಕೇಳಿ ಇಟ್ಟುಬಿಡುತ್ತಿದ್ದರು. ಕೊನೆಗೆ ಲೆನ್ಸಿನ ಆಸೆಗೇ ಹೋದೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಎರಡೂ ಕಣ್ಣಿನಲ್ಲಿ ಒತ್ತಡ ಏರಿತ್ತು. ನರಕ್ಕೆ ಇನ್ನೂ ಹೆಚ್ಚು ಪೆಟ್ಟಾಗಿರಲಿಲ್ಲ. ಸರಿಯಾದ ಹೊತ್ತಿಗೆ ಬಂದಿದ್ದೀರಿ, ಯಾರು ಕಳಿಸಿದರು ಎಂದು ಡಾಕ್ಟರಮ್ಮ ಕೇಳಿದರು. ಅವರ ಮನೆಗೆ ಹೋಗಿ ವಿಷಯ ಹೇಳಿದಾಗ ಚಿಕ್ಕಪ್ಪ ಕೀಲಿಕೈ ಬಿಚ್ಚಿ ಕೊಟ್ಟರು. ನಂತರ ಒಳಗೆ ಹೋಗಿ ಅತ್ತರು, ಗೋಡೆಯಾಚೆಯಿಂದ ಕೇಳಿಸಿತು. ಅಣ್ಣ ಸತ್ತಾಗಲೂ ಅವರು ಅತ್ತದ್ದನ್ನು ನಾನು ಕೇಳಿರಲಿಲ್ಲ.

ಹೋದ ಮಳೆಗಾಲದಲ್ಲಿ ಅವರು ಎದೆನೋವಿನಿಂದ ತೀರಿಕೊಂಡರು. ಅಷ್ಟರಲ್ಲಿ ಬಲಗಣ್ಣು ಪೂರ್ತಿ ಹೋಗಿತ್ತು. ನಾನು ಇಂದು ನೋಡುವುದೆಲ್ಲ, ಆಫೀಸಿನ ಕಂಪ್ಯೂಟರಿನಿಂದ ಹಿಡಿದು ಎಣ್ಣೂರಿನ ಕೊಕ್ಕರೆಯವರೆಗೆ, ಅವರು ಉಳಿಸಿಕೊಟ್ಟದ್ದು. ಈ ಋಣ ತೀರಿಸುವಂಥದ್ದಲ್ಲ. ಅವರು ಹೇಳಿದ್ದನ್ನು ಮುಂದುವರಿಸುವುದಷ್ಟೇ ನನ್ನಿಂದಾಗುವುದು. ಹಾಗಾಗಿ ವರ್ಷಕ್ಕೊಮ್ಮೆ ಮಗಳನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುತ್ತೇನೆ.

ಅಲ್ಲಿ ಅವಳನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಬಟ್ಟಲಿನಂಥ ಯಂತ್ರದೊಳಗೆ ಮುಖ ಇಡಿಸುತ್ತಾರೆ. ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕೆ ಮಿನುಗುತ್ತದೆ. ಕಂಡಾಗಲೆಲ್ಲ ಅವಳು ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಪರದೆಯಾಚೆ ನಿಂತಿರುತ್ತೇನೆ. ನನಗೆ ಚುಕ್ಕೆ ಕಾಣುವುದಿಲ್ಲ, ಗುಂಡಿಯ ಸದ್ದು ಮಾತ್ರ ಕೇಳಿಸುತ್ತದೆ. ಟಿಕ್. ಟಿಕ್. ಕೆಲವೊಮ್ಮೆ ಸದ್ದು ನಿಂತುಬಿಡುತ್ತದೆ. ಚುಕ್ಕೆ ಬಂದಿಲ್ಲವೋ, ಬಂದದ್ದು ಅವಳಿಗೆ ಕಾಣಲಿಲ್ಲವೋ ಹೊರಗೆ ನಿಂತವರಿಗೆ ತಿಳಿಯುವುದಿಲ್ಲ. ನಾನು ಪರದೆಯನ್ನು ಹಿಡಿದುಕೊಂಡು ಕಾಯುತ್ತೇನೆ.