ಡ್ರಮ್ಮಿನೊಳಗಿನ ಭಾವ

ಅಕ್ಕನ ಗಂಡ ಬೆಳಕಿನ ವಿಷಯ ಎತ್ತಿದರೆಂದರೆ ಮುಂದಿದ್ದ ತಟ್ಟೆಯ ಊಟ ಆರಿ ತಣ್ಣಗಾದರೂ ನಿಲ್ಲಿಸುತ್ತಿರಲಿಲ್ಲ. “ಬೆಳಕು ನನ್ನ ಮಾತು ಕೇಳುತ್ತೆ” ಎನ್ನುತ್ತಿದ್ದರು. ಬೆಳಕೊಂದೇ ಕೇಳಬೇಕು, ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಇಪ್ಪತ್ತು ವರ್ಷ ಭಾವ ಮದುವೆಗಳ ಫೋಟೊ ತೆಗೆದರು. ಅಕ್ಕ ಸ್ಟ್ಯಾಂಡು ಹೊತ್ತಳು, ದೀಪ ಹಿಡಿದಳು, ನೆಂಟರನ್ನು ಸಾಲಾಗಿ ನಿಲ್ಲಿಸಿದಳು. ಹೊಗಳಿಸಿಕೊಳ್ಳುವಾಗ ಮಾತ್ರ ಭಾವ ಒಬ್ಬರೇ ಮುಂದೆ.

ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಆಸ್ಪತ್ರೆಯ ಕತ್ತರಿ, ಚಾಕುಗಳನ್ನು ಆವಿಯಲ್ಲಿ ಶುದ್ಧ ಮಾಡುವ ಉಕ್ಕಿನ ಡ್ರಮ್ಮುಗಳು ತಯಾರಾಗುತ್ತವೆ. ಕ್ಯಾಟಲಾಗಿಗೆ ಫೋಟೊ ಬೇಕೆಂದಾಗ ಭಾವನ ಹೆಸರು ಹೇಳಿದವಳು ನಾನೇ. ಕೈಯಾರೆ ಮಾಡಿಕೊಂಡ ತಪ್ಪು.

ಪಾಲಿಶ್ ವಿಭಾಗದ ನಾವು ನಾಲ್ವರು ಹೆಂಗಸರು ಮೂರು ದಿನ ಉಜ್ಜಿ, ಅಡ್ಡ ಮಲಗಿಸಿದ ಆರು ಡ್ರಮ್ಮುಗಳನ್ನು ಕನ್ನಡಿ ಮಾಡಿಟ್ಟಿದ್ದೆವು. ಭಾವ ಬಂದರು, ಸೆಕೆಯೆಂದು ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ನಿಂತರು, ಫ್ಲ್ಯಾಶ್ ಹೊಡೆದರು. ಮ್ಯಾನೇಜರ್ ಕಂಪ್ಯೂಟರಿನಲ್ಲಿ ನೋಡಿದರು. ಪ್ರತಿ ಡ್ರಮ್ಮಿನ ಮೇಲೂ ಕಣ್ಣು ಕುಕ್ಕುವ ಬಿಳಿ ಚುಕ್ಕೆ; ಅದರ ಪಕ್ಕದಲ್ಲಿ ಕುಳ್ಳಗೆ, ಅಗಲವಾಗಿ, ಬನಿಯನ್ನಿನ ಭಾವ.

“ಇದರೊಳಗೆ ಇರೋದು ಯಾರ್ರೀ?”

“ನಿಮ್ಮ ಉಕ್ಕೇ ಸರಿಯಿಲ್ಲ ಸರ್. ಹೊಳಪು ಜಾಸ್ತಿ.”

ಕುಣಿಯಲಾರದವರಿಗೆ ನೆಲ ಡೊಂಕು. ಅಷ್ಟಕ್ಕೇ ಬಿಡಲಿಲ್ಲ. ಚೀಲದಿಂದ ಮುಖದ ಪೌಡರಿನ ಡಬ್ಬಿ ತೆಗೆದು ನಾವು ಉಜ್ಜಿದ ಉಕ್ಕಿಗೆ ಬಳಿದರು. ಹೊಳಪೂ ಹೋಯಿತು, ಆಕಾರವೂ ಹೋಯಿತು. ಫೋಟೊದಲ್ಲಿ ಡ್ರಮ್ಮು ಸುಣ್ಣ ಬಳಿದ ಪೀಪಾಯಿಯಂತೆ ಬಂತು. ನನ್ನ ಜೊತೆಯವರು ನನ್ನ ಮುಖ ನೋಡಿದರು. ಆ ನೋಟಕ್ಕಿಂತ ಬೈಗುಳ ವಾಸಿ.

ಅಷ್ಟು ಹೊತ್ತೂ ಸ್ಟ್ಯಾಂಡು ಹಿಡಿದು ನಿಂತಿದ್ದ ಅಕ್ಕ ನನ್ನ ಬಳಿ ಬಂದಳು. “ಇದನ್ನೆಲ್ಲ ಒರೆಸೇ. ನಾಳೆ ಬೆಳಿಗ್ಗೆ ನಾನು ತೆಗೀತೀನಿ.”

ಮರುದಿನ ಮನೆಯ ಬಿಳಿ ಬೆಡ್‌ಶೀಟುಗಳೆಲ್ಲ ಬಂದವು. ಡ್ರಮ್ಮಿನ ಸುತ್ತ, ಮೇಲೆ, ಡೇರೆಯಂತೆ ಕಟ್ಟಿಸಿದಳು. ದೀಪಗಳನ್ನು ಬಟ್ಟೆಯ ಹೊರಗಿಟ್ಟಳು. ಕ್ಯಾಮೆರಾದ ಕಣ್ಣಿಗೆ ಮಾತ್ರ ಒಂದು ತೂತು.

“ಉಕ್ಕಿಗೆ ಸ್ವಂತ ಮುಖ ಇರಲ್ಲ ಕಣೇ. ಎದುರಿಗೆ ಏನಿಟ್ರೆ ಅದನ್ನೇ ತೋರಿಸುತ್ತೆ” ಅಂದಳು. ಅಂಚುಗಳ ಪಕ್ಕ ಕಪ್ಪು ರಟ್ಟಿನ ಪಟ್ಟಿ ನಿಲ್ಲಿಸಿದಾಗ ಡ್ರಮ್ಮಿಗೆ ಗೆರೆ ಕೊರೆದಂತೆ ಆಕಾರ ಬಂತು. ಭಾವ ಬಾಗಿಲ ಹೊರಗೆ ಕೂತು, “ನಮ್ಮ ಮನೆಯವಳು ಬಟ್ಟೆ ಒಣಹಾಕೋಕೆ ಬಂದಿದಾಳೆ” ಎಂದು ವಾಚ್‌ಮನ್ನನ್ನು ನಗಿಸಲು ನೋಡುತ್ತಿದ್ದರು. ಅವನು ನಗಲಿಲ್ಲ.

ಕ್ಯಾಟಲಾಗು ಬಂತು. ಫೋಟೊ ತೆಗೆದವರು ಎಂದು ಭಾವನ ಹೆಸರೇ ಅಚ್ಚಾಗಿತ್ತು; ಅಚ್ಚಿನವನಿಗೆ ಹೆಸರು ಬರೆದು ಕೊಟ್ಟು ಬಂದವರು ಅವರೇ. ಆದರೆ ಮುಂದಿನ ಸಲ ಮ್ಯಾನೇಜರ್ ಫೋನ್ ಮಾಡಿ, “ಮೇಡಂ ಇದ್ದಾರಾ?” ಎಂದರು. ವರ್ಷದೊಳಗೆ ನಲ್ಲಿ ಮಾಡುವವರು, ಹೋಟೆಲ್ ಒಲೆ ಮಾಡುವವರು ಎಲ್ಲ ಅಕ್ಕನನ್ನೇ ಕರೆಯತೊಡಗಿದರು. ಮನೆಗೆ ಬಂದವರಿಗೆಲ್ಲ ಭಾವ ಈಗ, “ಅವಳಿಗೆ ನಾನೇ ಕಲಿಸಿದ್ದು” ಎನ್ನುತ್ತಾರೆ.

“ನೀನ್ಯಾಕೆ ಸುಮ್ನಿರ್ತೀಯಕ್ಕ?” ಎಂದೆ ಒಮ್ಮೆ.

“ಹೇಳ್ಕೊಳ್ಳಲಿ ಬಿಡೇ. ಬೇರೆ ಏನು ಕೆಲಸ ಇದೆ ಅವರಿಗೆ?” ಎನ್ನುತ್ತ ಅಕ್ಕ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟಳು.