ಕಳಸದಿಂದ ತಂದ ಅರ್ಬನ್ ಗಿಡ

ಮೂಡಿಗೆರೆಯ ಸರ್ಕಾರಿ ಬಸ್ಸಿನಲ್ಲಿ ನಾನು ಕುಳಿತಾಗ ಚಿಕ್ಕಮಗಳೂರಿನಲ್ಲಿ ಇನ್ನೂ ಅಂಗಡಿ ಬಾಗಿಲು ತೆರೆದಿರಲಿಲ್ಲ. ಜೂನ್ ಕೊನೆಯ ವಾರ. ಮಳೆ ಕಿಟಕಿಯ ಸಂದಿಯಿಂದ ಒಳಗೆ ಬಂದು ನನ್ನ ಪಕ್ಕದ ಸೀಟಿನಲ್ಲೇ ಕುಳಿತಿತ್ತು. ಹೆಂಗಸರಿಗೆ ಟಿಕೆಟ್ ಉಚಿತ, ಮಳೆಗೂ ಯಾರೂ ಕೇಳಲಿಲ್ಲ.

ಹೊರಟ ಕಾರಣ ಹೇಳಿಬಿಡುತ್ತೇನೆ. ಅರ್ಬನ್ ಅಂಡ್ ರೀಜನಲ್ ಪ್ಲಾನಿಂಗ್, ಅಂದರೆ ಊರು ಹೇಗೆ ಬೆಳೆಯಬೇಕು, ರಸ್ತೆ ಎಲ್ಲಿ ಹೋಗಬೇಕು ಎಂದು ಕಲಿಸುವ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಹಾಕಿದ್ದೆ. ಪಾಠ ಮಾಡಿದ ಗುರುಗಳೊಬ್ಬರ ಶಿಫಾರಸು ಮಾತ್ರ ಬಾಕಿ ಇತ್ತು. ಅದನ್ನು ಅವರೇ, ತಮ್ಮ ಮೊಬೈಲಿಗೆ ಬಂದ ಲಿಂಕಿನಲ್ಲಿ ಬರೆದು, ಅವತ್ತು ಸಂಜೆ ಐದರೊಳಗೆ ಕಳಿಸಬೇಕು. ಕಾಲೇಜಿನಲ್ಲಿ ನನ್ನ ಹೆಸರು ನೆನಪಿಟ್ಟುಕೊಂಡ ಅಧ್ಯಾಪಕರು ಒಬ್ಬರೇ, ಸರ್ವೇ ಕಲಿಸಿದ ಮಂಜಪ್ಪ ಸರ್. ಅವರು ನಿವೃತ್ತರಾಗಿ ಕಳಸದ ಆಚೆ ತಮ್ಮ ಕಾಫಿ ಎಸ್ಟೇಟು ಸೇರಿಕೊಂಡಿದ್ದರು. ಅಲ್ಲಿ ಗಾಳಿಗೆ ಕಂಬ ಬಿದ್ದು, ವಾರದಿಂದ ಅವರ ಮನೆಯ ಲ್ಯಾಂಡ್‌ಲೈನ್ ಸತ್ತಿತ್ತು, ಮೊಬೈಲಿಗೆ ಮನೆಯಲ್ಲಿ ಸಿಗ್ನಲ್ಲೇ ಇಲ್ಲ.

ಕಳೆದ ವರ್ಷ ಸೀಟು ತಪ್ಪಿತ್ತು. ಪಾತ್ರೆ ಅಂಗಡಿಯ ನಮ್ಮ ಅಪ್ಪಾಜಿ ಈ ಸಲ ಮುಂಚೆಯೇ ಕರಾರು ಮಾಡಿದ್ದರು: "ಇದೇ ಕೊನೆ. ಆಗ್ಲಿಲ್ಲ ಅಂದ್ರೆ ಓದಿನ ಸೊಲ್ಲೆತ್ತಬಾರ್ದು. ಗಲ್ಲಾದಲ್ಲಿ ಬಂದು ಕೂತ್ಕೋ." ಪಾತ್ರೆ ತೂಗುವುದು ಕೀಳು ಕೆಲಸವೆಂದಲ್ಲ, ಆದರೆ ನನಗೆ ಊರು ಕಟ್ಟುವ ಹುಚ್ಚು. ಅದು ಹತ್ತಿದ್ದೂ ಒಂದು ಭಾನುವಾರ. ನನ್ನನ್ನು ನೋಡಲು ಗುಡ್ಡದ ಮೇಲಿನ ಅತ್ತಿಗುಂಡಿಯಿಂದ ಇಳಿದು ಬರಬೇಕಿದ್ದ ಗಂಡಿನ ಕಡೆಯವರು ಪ್ರವಾಸಿಗರ ಕಾರುಗಳ ನಡುವೆ ಸಿಕ್ಕಿಬಿದ್ದು, ಮಧ್ಯಾಹ್ನದವರೆಗೆ ಕಾದು, ಶಕುನ ಸರಿಯಿಲ್ಲವೆಂದು ವಾಪಸು ಹೋದರು. ಮನೆಯವರೆಲ್ಲ ಪೆಚ್ಚಾದರು, ನಾನು ಮಾತ್ರ ಆ ರಸ್ತೆಯ ನಕ್ಷೆ ಬರೆಯುತ್ತ ಕುಳಿತೆ.

ಮೂಡಿಗೆರೆಯ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಕಳಸದ ಖಾಸಗಿ ಬಸ್ಸು ಹತ್ತಿದೆ. ಅದರ ಕಂಡಕ್ಟರ್ ರಮೇಶಣ್ಣ ನನಗೆ ಗೊತ್ತಿದ್ದವನೇ. ನಮ್ಮ ಕಡೆ ಖಾಸಗಿ ಬಸ್ಸಿನ ಕಂಡಕ್ಟರ್ ಎಂದರೆ ಅರ್ಧ ಅಂಚೆ ಇಲಾಖೆ. ಮಾತ್ರೆ, ಕನ್ನಡಕ, ಟೈಲರ್ ಹೊಲಿದ ರವಿಕೆ ಎಲ್ಲವೂ ಅವನ ಕೈಯಲ್ಲೇ ಹೋಗುವುದು. ನಾಲ್ಕು ದಿನದ ಹಿಂದೆ ನಾನೂ ಅವನ ಮೂಲಕ ಸರ್‌ಗೆ ಇಂಥ ದಿನ ಬರುತ್ತೇನೆಂದು ಬಾಯಿಮಾತಿನ ಸುದ್ದಿ ಕಳಿಸಿದ್ದೆ.

"ಹೇಳಿದ್ದೀರ ತಾನೆ, ರಮೇಶಣ್ಣ?"

"ಅಯ್ಯೋ, ಅವತ್ತೇ ಹೇಳ್ದೆ ಅಕ್ಕ. ಎಸ್ಟೇಟ್ ಜೀಪಿನ ಡ್ರೈವರ್ ಸಿಕ್ಕಿದ್ದ. ನೀವು ಪ್ಲಾಂಟಿಂಗಿಗೆ ಸೇರ್ತೀರಂತೆ, ಸರ್ ಶಿಫಾರಸು ಬೇಕಂತೆ ಅಂತ ಸರಿಯಾಗೇ ಹೇಳಿದೀನಿ."

ಅವನು ಟಿಕೆಟ್ ಹರಿಯುತ್ತ ಮುಂದೆ ಹೋದ. ಬಸ್ಸಿನ ಸದ್ದಿನಲ್ಲಿ ನಾನು ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹಿರಿಯ ಹೆಂಗಸಿಗೆ ಮಾತ್ರ ಸರಿಯಾಗಿ ಕೇಳಿಸಿತ್ತು. ಹೆಸರು ಸುಶೀಲಮ್ಮ, ಮೂಡಿಗೆರೆಯ ಬಳಿ ಸಣ್ಣ ಕಾಫಿ ತೋಟವಂತೆ, ಹಿರೇಬೈಲಿನಲ್ಲಿ ತಂಗಿಯ ಮನೆಗೆ ಹೊರಟಿದ್ದರು.

"ಪ್ಲಾಂಟಿಂಗ್ ಕಲಿಯಕ್ಕೂ ಕಾಲೇಜಿಗೆ ಹೋಗ್ಬೇಕಾ ಮಾರಾಯ್ತಿ?"

"ಪ್ಲಾಂಟಿಂಗ್ ಅಲ್ಲಮ್ಮ, ಪ್ಲಾನಿಂಗ್. ಅರ್ಬನ್ ಪ್ಲಾನಿಂಗ್."

"ಅರ್ಬನ್?" ಅವರು ಯೋಚಿಸಿದರು. "ನಾವು ಚಂದ್ರಗಿರಿ ಹಾಕಿದೀವಿ. ಕಾವೇರಿ ಗೊತ್ತು. ಅರ್ಬನ್ ಅಂತ ತಳಿ ಕೇಳಿಲ್ಲ. ಹೊಸದಾ?"

ನಾನು ಊರು, ರಸ್ತೆ, ಚರಂಡಿ ಎಂದೆಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಚರಂಡಿ ಬೇಕೇ ಬೇಕು, ಗಿಡದ ಬುಡದಲ್ಲಿ ನೀರು ನಿಂತ್ರೆ ಬೇರು ಕೊಳಿತದೆ" ಎಂದರು. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಇಬ್ಬರೂ ನೀರ್ದೋಸೆ ತಿಂದೆವು, ದುಡ್ಡು ಕೊಡಲು ಅವರು ನನ್ನನ್ನು ಬಿಡಲಿಲ್ಲ. ಹಿರೇಬೈಲಿನಲ್ಲಿ ಇಳಿಯುವಾಗ "ಆ ಅರ್ಬನ್ ಸಿಕ್ರೆ ನಂಗೂ ಎರಡು ಕೊಡು" ಎಂದು ಹೇಳಿಯೇ ಹೋದರು.

ಕಳಸದಿಂದ ಆಟೋ ಮಾಡಿಕೊಂಡು ಎಸ್ಟೇಟು ತಲುಪಿದೆ. ಕೊನೆಯ ಏರಿನಲ್ಲಿ ಆಟೋದವನು ಕೈಯೆತ್ತಿದ, ನಡೆದೇ ಹತ್ತಿದೆ. ಕಾಲಿನಲ್ಲಿ ನಾಲ್ಕು ಇಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚಿಕೊಂಡಿದ್ದವು. ಮಂಜಪ್ಪ ಸರ್ ಜಗುಲಿಯಲ್ಲೇ ಕಾಯುತ್ತಿದ್ದರು. ಪಕ್ಕದಲ್ಲಿ ಒಂದು ಬುಟ್ಟಿ, ಅದರ ತುಂಬ ಪ್ಲಾಸ್ಟಿಕ್ ತೊಟ್ಟೆಯಲ್ಲಿ ನೆಟ್ಟ ಕಾಫಿ ಸಸಿಗಳು.

"ಬಾರಮ್ಮ ಬಾ! ನಿನ್ನ ತಲೆ ರಸ್ತೆ ಕಡೆಗೇ ಓಡೋದು ಅಂದ್ಕೊಂಡಿದ್ದೆ, ಪ್ಲಾಂಟಿಂಗಿಗೆ ಬಂದ್ಯಲ್ಲ! ಈ ಸಸಿ ತಗೊಂಡ್ಹೋಗು, ಮೊದ್ಲು ಕೈ ಮಣ್ಣಾಗ್ಬೇಕು. ಶಿಫಾರಸನ್ನೂ ಬರೆದಿಟ್ಟಿದೀನಿ. ನನ್ನ ಸ್ನೇಹಿತರ ಎಸ್ಟೇಟಲ್ಲಿ ಕೆಲಸ ಗ್ಯಾರಂಟಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಸರ್, ಅದು ಪ್ಲಾನಿಂಗ್. ಅದರಲ್ಲಿ ಟೀ ಇಲ್ಲ ಸರ್."

"ಟೀ ಯಾಕಮ್ಮ ಬೇಕು? ಇಲ್ಲೆಲ್ಲ ಕಾಫಿಯೇ."

ಟೀ ಎಂದರೆ ಇಂಗ್ಲಿಷ್ ಅಕ್ಷರವೆಂದು ಬಿಡಿಸಿ ಹೇಳಿದ ಮೇಲೆ ಅವರು ಹಣೆ ಚಚ್ಚಿಕೊಂಡು ನಕ್ಕರು, ಗಡುವು ಕೇಳಿದ ಮೇಲೆ ನಗು ನಿಲ್ಲಿಸಿದರು. ಊಟ ಆಮೇಲೆ ಎಂದು ಛತ್ರಿ ಹಿಡಿದು ಇಬ್ಬರೂ ರೇಂಜ್ ಕಲ್ಲಿಗೆ ಓಡಿದೆವು. ಇಡೀ ಎಸ್ಟೇಟಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ಆ ಒಂದು ಬಂಡೆಯ ಮೇಲೆ ಮಾತ್ರ, ಅದೂ ನಿಂತರೆ, ಕುಳಿತರೆ ಇಲ್ಲ.

ಅಲ್ಲಿ ಆಗಲೇ ಕ್ಯೂ ಇತ್ತು. ಮಳೆಗೆ ತಲೆಯಿಂದ ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಕೆಲಸದವರು ಕೆಳಗೆ ಸಾಲಾಗಿ ನಿಂತಿದ್ದರು. ಬಂಡೆಯ ಮೇಲಿದ್ದ ಹೆಂಗಸು ಸೊಸೆಗೆ ಹಲಸಿನ ಹಣ್ಣಿನ ಕಡುಬು ಮಾಡುವುದನ್ನು ಎಲೆ ಬಾಡಿಸುವುದರಿಂದ ಶುರುಮಾಡಿ ಹೇಳಿಕೊಡುತ್ತಿದ್ದಳು. ನಾನು ಸರ್ ಕಿವಿಯಲ್ಲಿ, "ಎಸ್ಟೇಟು ನಿಮ್ದೇ ಅಲ್ವಾ ಸರ್, ಒಂದು ಮಾತು ಹೇಳಿ" ಎಂದೆ.

"ಕ್ಯೂ ಮುರಿಯೋಳು ಊರು ಕಟ್ತೀಯೇನಮ್ಮ?" ಎಂದರು ಅವರು. ನಿಂತೆ. ಕಡುಬು ಬೇಯುವವರೆಗೂ ನಿಂತೆ. ಆ ಸೊಸೆಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನಮ್ಮ ಸರದಿ ಬಂದಾಗ ನಾಲ್ಕು ದಾಟಿತ್ತು. ಹೊಸದಾಗಿ ಬರೆಯಲು ಹೊತ್ತಿರಲಿಲ್ಲ. ಸರ್ ಬಂಡೆ ಹತ್ತಿ, ಮೊದಲೇ ಬರೆದಿದ್ದನ್ನೇ ನೋಡಿಕೊಂಡು ಪ್ಲಾಂಟಿಂಗ್ ಇದ್ದಲ್ಲೆಲ್ಲ ಪ್ಲಾನಿಂಗ್ ಎಂದು ಬೆರಳಿನಿಂದ ಕುಟ್ಟತೊಡಗಿದರು. ನಾನು ಛತ್ರಿಯನ್ನು ಅವರಿಗಲ್ಲ, ಫೋನಿಗೆ ಹಿಡಿದಿದ್ದೆ. ಇಣುಕಿದರೆ ಇಂಗ್ಲಿಷಿನಲ್ಲಿ ಹೀಗಿತ್ತು: ಈಕೆ ಶ್ರಮಜೀವಿ, ಇಳಿಜಾರು ಬಲ್ಲವಳು, ಇಂಬಳಕ್ಕೆ ಹೆದರುವವಳಲ್ಲ.

"ಸರ್, ಇಂಬಳ ತೆಗೀರಿ!"

"ಇರ್ಲಿ ಬಿಡು. ರಕ್ತ ಹೀರೋರು ತೋಟದಲ್ಲಿ ಮಾತ್ರ ಇರ್ತಾರಾ? ಪ್ಲಾನಿಂಗಲ್ಲೂ ಉಪಯೋಗಕ್ಕೆ ಬರುತ್ತೆ." ಎನ್ನುತ್ತಲೇ ಕಳಿಸುವ ಗುಂಡಿ ಒತ್ತಿಬಿಟ್ಟರು. ಪರದೆಯ ಮೇಲೆ ಒಂದು ಚಕ್ರ ತಿರುಗಿತು, ಇನ್ನೂ ತಿರುಗಿತು, ಆಮೇಲೆ ಸಿಗ್ನಲ್ಲೇ ಹೋಯಿತು. ಶಿಫಾರಸು ತಲುಪಿತೋ ಇಲ್ಲವೋ ಹೇಳುವವರು ಯಾರೂ ಇರಲಿಲ್ಲ. ಹಸಿವು, ಚಳಿ, ಅಪ್ಪಾಜಿಯ ಗಲ್ಲಾ ಎಲ್ಲ ಒಟ್ಟಿಗೆ ನೆನಪಾಗಿ, ನಾನು ಬಂಡೆಯ ಕೆಳಗೆ ನಿಂತು ಅತ್ತೆ. ಕಡುಬಿನ ಹೆಂಗಸೇ ಬಂದು ಬೆನ್ನು ಸವರಿದಳು.

ಸರ್ ಜೀಪಿನಲ್ಲಿ ಕಳಸಕ್ಕೆ ಬಿಟ್ಟರು. ಸಸಿಯ ಬುಟ್ಟಿಯನ್ನೂ ಹೊರಿಸಿದರು, ಬೇಡವೆನ್ನಲು ನನ್ನಲ್ಲಿ ತ್ರಾಣವಿರಲಿಲ್ಲ. ಬಸ್ಸು ಅದೇ, ರಮೇಶಣ್ಣನೂ ಅವನೇ. ಹಿರೇಬೈಲಿನಲ್ಲಿ ಸುಶೀಲಮ್ಮ ಹತ್ತಿ, ನನ್ನ ಮುಖ ನೋಡಿ ಹಿಂಜರಿಯುತ್ತ ಪಕ್ಕದಲ್ಲಿ ಕುಳಿತರು.

ಕೊಟ್ಟಿಗೆಹಾರದಲ್ಲಿ ಫೋನು ಒಂದೇ ಸಮನೆ ಗುಂಯ್‌ಗುಟ್ಟಿತು. ಶಿಫಾರಸು ತಲುಪಿದೆ, ಅರ್ಜಿ ಪೂರ್ಣಗೊಂಡಿದೆ. ಮೂರು ಸಲ ಓದಿದೆ. ಇಂಬಳದ ಸಮೇತ ತಲುಪಿತ್ತು. ಇಡೀ ಬಸ್ಸಿಗೆ ಕೇಳುವಂತೆ ನಕ್ಕುಬಿಟ್ಟೆ.

ಸುಶೀಲಮ್ಮನಿಗೆ ಧೈರ್ಯ ಬಂತು. ಬುಟ್ಟಿಯ ಕಡೆ ಬೆರಳು ತೋರಿಸಿ, "ಅರ್ಬನ್ ಇದೇನಾ?" ಎಂದರು.

ಬೆಳಿಗ್ಗೆಯಿಂದ ನಾನು ತಿದ್ದಿದ್ದು ಸಾಕಾಗಿತ್ತು. "ಹೌದಮ್ಮ, ಇದೇ" ಎಂದು ಎರಡು ಸಸಿ ತೆಗೆದು ಅವರ ಮಡಿಲಿಗಿಟ್ಟೆ.

"ಎಷ್ಟು ವರ್ಷಕ್ಕೆ ಫಸಲು?"

"ಸೀಟು ಸಿಕ್ರೆ ಎರಡು ವರ್ಷ."

"ಪಾಪ, ಸಿಗ್ತದೆ ಬಿಡು" ಎಂದು ಸುಶೀಲಮ್ಮ ಬಾಗಿಲ ಬಳಿಯ ಸೀಟಿಗೆ ಸರಿದರು, ಸಸಿಗೆ ಗಾಳಿ ಬರುವ ಸೀಟೇ ಬೇಕಂತೆ. ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು, ಮಳೆಗೆ ಅವೆರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡು, ಹುಷಾರಾಗಿ ರಸ್ತೆ ದಾಟಿದರು.